ಕ್ಯಾಪ್ಟನ್ನರ ಊಟಕ್ಕೆ ನ್ಯಾಮತಿಯ ರುಮಾಲು

ಚನ್ನಗಿರಿಯಲ್ಲಿ ಬೆಳಿಗ್ಗೆ ಆರೂವರೆಯ ಹೊನ್ನಾಳಿ ಬಸ್ಸು ಹತ್ತಿದಾಗ ನನ್ನ ಹತ್ತಿರ ಮೂರು ಸಾಮಾನುಗಳಿದ್ದವು. ಒಂದು ತಗಡಿನ ಟ್ರಂಕು. ಎರಡನೆಯದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹ್ಯಾಂಗರಿಗೆ ತೂಗುಹಾಕಿದ ಕರೀ ಸೂಟು. ಮೂರನೆಯದು ನನ್ನ ಅಂಗಡಿಯ ಇಸ್ತ್ರಿ ಪೆಟ್ಟಿಗೆ, ಜೊತೆಗೆ ಅದಕ್ಕೆ ಬೇಕಾದ ಒಂದು ಚೀಲ ಇದ್ದಿಲು. ಹಡಗು ಹತ್ತಲು ಹೊರಟವನಿಗೆ ಇದ್ದಿಲು ಯಾಕೆ ಎಂದು ನನ್ನ ಹೆಂಡತಿ ಗಿರಿಜಾ ಹಿಂದಿನ ದಿನವೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಗಲಿ. ನಾನು ಟೈಲರ್. ನಾನು ಹೊಲಿದ ಕೋಟು ಮುದುಡಿಕೊಂಡು ಊಟಕ್ಕೆ ಕೂರುವುದನ್ನು ನೋಡಿ ಸುಮ್ಮನಿರುವ ಜಾತಿಯವನಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ನನ್ನ ಮಾವ ರುದ್ರಪ್ಪನವರಿಗೆ ಜಗಳೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಆ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಮೂಟೆ ಮಾರಿದರೆಂದು ಗೊಬ್ಬರದ ಕಂಪನಿಯೊಂದು ಅವರಿಗೆ ಬಹುಮಾನ ಕೊಟ್ಟಿತ್ತು. ಮದ್ರಾಸಿನಿಂದ ಸಿಂಗಪುರಕ್ಕೆ ಇಬ್ಬರು ಹಡಗಿನಲ್ಲಿ ಹೋಗಿ ಬರುವ ಟಿಕೆಟ್ಟು. "ನೆಲ ಕಾಣದ ಕಡೀಗೆ ನಾ ಬರಾಕಿಲ್ಲ" ಎಂದು ಅತ್ತೆ ಕೈಯಾಡಿಸಿದ್ದರಿಂದ ಎರಡನೇ ಟಿಕೆಟ್ಟು ಅಳಿಯನ ಪಾಲಿಗೆ ಬಂತು.

ಟಿಕೆಟ್ಟಿನ ಜೊತೆ ಒಂದು ದಪ್ಪ ಕಾರ್ಡೂ ಬಂದಿತ್ತು. ಹಡಗಿನಲ್ಲಿ ನಾಲ್ಕನೇ ದಿನ ಕ್ಯಾಪ್ಟನ್ನರ ಜೊತೆ ಊಟ. ಗಂಡಸರು ಏನು ಹಾಕಿಕೊಂಡು ಬರಬೇಕು ಎಂದು ಅದರಲ್ಲಿ ಎರಡು ಸಾಲು ಇಂಗ್ಲಿಷು. ಮಾವನಿಗೆ ಇಂಗ್ಲಿಷು ಬಾರದು, ಓದಿ ಹೇಳಿ ಎಂದು ನನಗೆ ಕಳಿಸಿದ್ದರು. ಮೊದಲ ಸಾಲಿನಲ್ಲಿ ಕರೀ ಕೋಟು, ಕರೀ ಪ್ಯಾಂಟು, ಕುತ್ತಿಗೆಗೆ ಕರೀ ಬೋ ಎಂದಿತ್ತು. ಎರಡನೇ ಸಾಲಿನಲ್ಲಿ, ಇಲ್ಲವಾದರೆ ಅವರವರ ನಾಡಿನ ಮರ್ಯಾದೆಯ ಉಡುಪು ಎಂದಿತ್ತು. ನಾನು ಮಾವನಿಗೆ ಮೊದಲ ಸಾಲನ್ನು ಬರೆದು ತಿಳಿಸಿದೆ. ಎರಡನೆಯದನ್ನು ನುಂಗಿಬಿಟ್ಟೆ.

ಯಾಕೆ ನುಂಗಿದೆ ಎಂದರೆ, ಇಪ್ಪತ್ತು ವರ್ಷ ಸ್ಕೂಲಿನ ನಿಕ್ಕರು, ಪಟ್ಟಾಪಟ್ಟಿ ಚಡ್ಡಿ ಹೊಲಿದ ಕೈ ಇದು. ನನ್ನ ಗುರುಗಳು ಬಿಟ್ಟುಹೋದ ಕಟಿಂಗ್ ಪುಸ್ತಕದ ಕೊನೇ ಹಾಳೆಯಲ್ಲಿ ಆ ಕರೀ ಸೂಟಿನ ಚಿತ್ರವಿತ್ತು, ಕಾಲರಿಗೆ ಹೊಳೆಯುವ ರೇಷ್ಮೆ, ಪ್ಯಾಂಟಿನ ಪಕ್ಕಕ್ಕೆ ರೇಷ್ಮೆಯದೇ ಪಟ್ಟಿ. ಅದನ್ನು ಹೊಲಿಸುವ ಗಿರಾಕಿ ಚನ್ನಗಿರಿಯಲ್ಲಿ ಹುಟ್ಟಿರಲಿಲ್ಲ, ಹುಟ್ಟುವ ಲಕ್ಷಣವೂ ಇರಲಿಲ್ಲ. ಒಂದೇ ಒಂದು ಸಲ ಹೊಲಿಯಬೇಕೆಂಬ ಆಸೆ. ಅದಕ್ಕಾಗಿ, ಅರವತ್ತು ವರ್ಷ ಕಾಲಿಗೆ ಪ್ಯಾಂಟು ಏರಿಸದ ಮನುಷ್ಯನಿಗೆ ಪ್ಯಾಂಟು ಹೊಲಿದೆ.

ಮಾವ ಅಂಚೆ ಕಾರ್ಡಿನಲ್ಲಿ ಉತ್ತರ ಬರೆದಿದ್ದರು. "ಆಗಲಿ ಅಳಿಯಂದಿರೇ, ನೀವು ಹೇಳಿದ ಮೇಲೆ ಪ್ಯಾಂಟು ಹಾಕಿಕೊಳ್ಳುತ್ತೇನೆ. ತಲೆ ಮಾತ್ರ ನನ್ನದು. ಬರುವಾಗ ನ್ಯಾಮತಿಯಲ್ಲಿ ಹಾಲಪ್ಪಜ್ಜನ ಕೈಯಲ್ಲಿ ಜರಿ ರುಮಾಲು ಕಟ್ಟಿಸಿಕೊಂಡು ಬನ್ನಿ. ಹೊನ್ನಾಳಿಯಲ್ಲಿ ಒಂದು ಜೊತೆ ಒಳ್ಳೇ ಪಂಚೆಯನ್ನೂ ತನ್ನಿ, ಹಡಗಿನಲ್ಲಿ ಉಳಿದ ಹೊತ್ತು ಉಡಲಿಕ್ಕೆ." ರುಮಾಲಿನ ಬಟ್ಟೆ ಗಿರಿಜಾಳ ಪೆಟ್ಟಿಗೆಯಲ್ಲೇ ಇತ್ತು. ನಮ್ಮ ಮದುವೆಯಲ್ಲಿ ಮಾವ ಸುತ್ತಿದ್ದದ್ದು ಅದೇ.

ಕೆರೆಬಿಳಚಿಯಲ್ಲಿ ಅರ್ಧ ಬಸ್ಸು ಇಳಿಯಿತು, ಅದರ ಎರಡರಷ್ಟು ಜನ ಹತ್ತಿದರು. ನಾನು ಸೂಟನ್ನು ಮಗುವಿನ ಹಾಗೆ ಎತ್ತಿ ಹಿಡಿದು ನಿಂತೆ. ಹೊನ್ನಾಳಿ ಮುಟ್ಟುವ ಹೊತ್ತಿಗೆ ರಟ್ಟೆ ಬಿದ್ದುಹೋಗಿತ್ತು. ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಟೀ ಕುಡಿದೆ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಜವಳಿ ಅಂಗಡಿಯಲ್ಲಿ ಜರಿ ಅಂಚಿನ ಪಂಚೆ ಕೇಳಿದೆ. ಸಾಹುಕಾರರು ಪಂಚೆ ಬಿಚ್ಚುತ್ತಾ ಕಣ್ಣನ್ನು ನನ್ನ ಹ್ಯಾಂಗರಿನ ಮೇಲೇ ನೆಟ್ಟಿದ್ದರು.

"ಅದೇನ್ರೀ ಅದು?"

"ಸೂಟು. ಹಡಗಿನಾಗೆ ಊಟಕ್ಕೆ ಹಾಕ್ಕಳಾಕೆ."

ಬೆಡ್‌ಶೀಟಿನ ಅಂಚು ಸರಿಸಿ ತೋರಿಸಿದೆ. ತೋರಿಸದೆ ಇರಲು ನನ್ನ ಕೈಲಾಗಲಿಲ್ಲ. ಅವರು ರೇಷ್ಮೆಯ ಕಾಲರಿನ ಮೇಲೆ ಬೆರಳಾಡಿಸಿ, "ಭಾಳ ಚಲೋ ಐತೆ ಬಿಡ್ರಿ. ಆದ್ರೆ ಇದನ್ನ ಹಾಕ್ಕಂಡು ಸಾರು ಕಲಸಾಕೆ ಬರ್ತೈತೇನ್ರೀ?" ಎಂದರು. ಚಲೋ ಎಂದದ್ದಷ್ಟನ್ನೇ ಕಿವಿಗೆ ಹಾಕಿಕೊಂಡು ನ್ಯಾಮತಿ ಬಸ್ಸು ಹತ್ತಿದೆ.

ನ್ಯಾಮತಿ ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಹಾಲಪ್ಪಜ್ಜ ಮನೆಯ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ಎಂಬತ್ತರ ಮೇಲಿನ ವಯಸ್ಸು. ಈ ಕಡೆಯ ಮದುಮಕ್ಕಳಿಗೆಲ್ಲ ರುಮಾಲು ಕಟ್ಟಿದ ಕೈ ಅವನದು. ದಿನಾ ಸುತ್ತುವ ಬಿಳೀ ರುಮಾಲನ್ನು ಯಾರು ಬೇಕಾದರೂ ಸುತ್ತಿಕೊಂಡಾರು. ಆದರೆ ಜರಿ ರುಮಾಲನ್ನು ಮೊಣಕಾಲಿನ ಮೇಲೆ ನೆರಿಗೆ ನೆರಿಗೆಯಾಗಿ ಕಟ್ಟಿ, ಟೋಪಿಯಂತೆ ಇಳಿಸಿ ಇಡುವುದು ಬೇರೆಯೇ ಕೆಲಸ. ಒಮ್ಮೆ ಕಟ್ಟಿದರೆ ಬಿಚ್ಚುವ ತನಕ ಹಾಗೇ ಇರಬೇಕು.

"ರುದ್ರಪ್ಪನ ಅಳಿಯನಾ? ಕುಂದ್ರಿ. ನಿಮ್ಮ ಮೊಣಕಾಲು ಕೊಡ್ರಿ" ಎಂದ ಅಜ್ಜ.

"ನಂದ್ಯಾಕಜ್ಜಾ? ನಿಂದೇ ಐತಲ್ಲ?"

"ನನ್ನ ಮೊಣಕಾಲು ಮಡಚಿದ್ರೆ ಬಿಚ್ಚಲ್ಲ, ಬಿಚ್ಚಿದ್ರೆ ಮಡಚಲ್ಲ. ಕೊಡ್ರಿ ಸುಮ್ನೆ."

ನನ್ನ ಮೊಣಕಾಲಿಗೆ ಟವೆಲ್ಲನ್ನು ಎರಡು ಸುತ್ತು ಸುತ್ತಿ, "ಈಗ ಸರಿಯಾಗಿ ನಿಮ್ಮಾವನ ತಲೆ ಆತು ನೋಡ್ರಿ" ಎಂದ. ಆಮೇಲೆ ರುಮಾಲಿನ ಬಟ್ಟೆ ಕೈಗೆತ್ತಿಕೊಂಡ. ಮೊದಲ ಸುತ್ತು ಸಡಿಲ, ಎರಡನೆಯದು ಬಿಗಿ, ಮೂರನೆಯದಕ್ಕೆ ಬಟ್ಟೆಯನ್ನು ತಿರುವಿ ಜರಿ ಮೇಲೆ ತರುವುದು. "ಹಿಡ್ಕಳ್ರಿ", "ಬಿಡ್ರಿ", "ಅಲ್ಲಲ್ಲ, ಹೆಬ್ಬೆರಳು ಇಲ್ಲಿ" ಎಂದು ಬೈಯುತ್ತಲೇ ಕಟ್ಟಿದ. ಊಟದ ಹೊತ್ತು ಮೀರಿತ್ತು, ಕಾಲು ಜೋಮು ಹಿಡಿದಿತ್ತು, ಎರಡರ ಬಸ್ಸು ತಪ್ಪುವುದು ಗ್ಯಾರಂಟಿಯಾಗಿತ್ತು. ಈ ಗಂಟುಮೂಟೆಯ ಸಹವಾಸವೇ ಬೇಡವಾಗಿತ್ತು ಎಂದು ಒಳಗೊಳಗೇ ಗೊಣಗಿದೆ. ಸೂಟಿನ ಮೇಲೆ ರುಮಾಲೇ? ನನ್ನ ಪುಸ್ತಕದ ಚಿತ್ರದಲ್ಲಿ ಅಂಥದ್ದೇನೂ ಇರಲಿಲ್ಲ.

ಅಜ್ಜ ರುಮಾಲನ್ನು ಮುಚ್ಚಳವಿದ್ದ ಬಿದಿರಿನ ಬುಟ್ಟಿಯೊಳಗೆ ಇಳಿಸಿ ಕೊಟ್ಟ. "ತೊಡೆ ಮ್ಯಾಲೆ ಇಟ್ಕಂಡು ಹೋಗ್ರಿ. ಮ್ಯಾಲೆ ಏನೂ ಇಡಬ್ಯಾಡ್ರಿ" ಎಂದು ಎರಡು ಸಲ ಹೇಳಿದ. ದಾವಣಗೆರೆಯ ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯನ್ನು ಬೆರಳಿನಿಂದ ಕುಟ್ಟಿದ.

"ಕೋಳಿಗೆ ಲಗೇಜ್ ಟಿಕೆಟ್ ತಗಳ್ರಿ."

"ಕೋಳಿ ಅಲ್ರೀ! ಶಿವಶಿವಾ, ನಾವು ಅಂಥೋರಲ್ಲ. ರುಮಾಲು."

"ಎಲ್ರೂ ಹಿಂಗೇ ಅಂತಾರೆ. ತೆಗೀರಿ ನೋಡಾನ."

ಮುಚ್ಚಳ ತೆಗೆದೆ. ಅವನು ಒಳಗೆ ಇಣುಕಿ ನೋಡಿ, ತಲೆಯ ಮೇಲಿನ ಕ್ಯಾಪು ಸರಿಮಾಡಿಕೊಂಡು, "ಮುಚ್ರಿ, ಧೂಳು ಕುಂತೀತು" ಎಂದು ಮೆಲ್ಲಗೆ ಹೇಳಿದ. ಸೀಟಿನ ಪಕ್ಕದಲ್ಲಿ ನಿಂತವರಿಗೂ ಒರಗಬೇಡಿ ಎಂದು ಗದರಿದ.

ಜಗಳೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು, ಮನೆಗೆ ಮರಳುವ ಕುರಿಗಳ ಹಿಂಡು. ಮಾವ ಮನೆಯಲ್ಲಿರಲಿಲ್ಲ. "ಗೋಡೌನಿನಾಗೆ ಅದಾರೆ. ಕದ ಹಾಕ್ಕಂಡು" ಎಂದು ಅತ್ತೆ ನಕ್ಕರು. ಬಾಗಿಲ ಸಂದಿಯಲ್ಲಿ ನೋಡಿದೆ. ಯಾರದೋ ಹಳೇ ಪ್ಯಾಂಟು ಹಾಕಿಕೊಂಡು ಮಾವ ಶೇಂಗಾ ಮೂಟೆಗಳ ನಡುವೆ ನಡೆಯುವುದನ್ನು ಕಲಿಯುತ್ತಿದ್ದರು. ಪಂಚೆಯ ಚುಂಗು ಹಿಡಿಯಲು ಕೈ ತಾನಾಗಿಯೇ ಕೆಳಗೆ ಹೋಗುತ್ತಿತ್ತು. ಏನೂ ಸಿಗದೆ ಮೇಲೆ ಬರುತ್ತಿತ್ತು. ನಗು ಬಂತು. ಆಮೇಲೆ ಬರಲಿಲ್ಲ.

ಊಟಕ್ಕೆ ಬಡಿಸುತ್ತಾ ಅತ್ತೆ ಹೇಳಿದರು. "ಹತ್ತು ವರ್ಸದ ಹಿಂದೆ ಬೆಂಗಳೂರಿನಾಗೆ ಕಂಪನಿಯೋರು ಎಂಥದೋ ಕ್ಲಬ್ಬಿನಾಗೆ ಊಟ ಇಟ್ಟಿದ್ರು. ಪಂಚೆ ಉಟ್ಟೋರನ್ನ ಬಿಡಾಕಿಲ್ಲ ಅಂತ ಬಾಗಿಲಾಗೆ ತಡುದ್ರಂತೆ. ಜತೀಗಿದ್ದೋರೆಲ್ಲ ಒಳಾಕೆ ಹೋದ್ರು. ಇವರು ಖಾನಾವಳಿಯಾಗೆ ಉಂಡು ರಾತ್ರಿ ಬಸ್ಸಿಗೆ ಬಂದ್ರು. ಇವತ್ತಿಗೂ ಯಾರ ಮುಂದೆನೂ ಹೇಳಿಲ್ಲ. ಹಡಗಿನಾಗೆ ಹಂಗಾಗಬಾರದು ಅಂತ ಈ ಪ್ಯಾಂಟಿನ ಒದ್ದಾಟ. ನೀವು ಸರಿಯಾಗಿ ಓದಿ ಹೇಳಿದ್ದು ಪುಣ್ಯ ಬಿಡ್ರಿ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಾವ ಸೂಟು ಹಾಕಿ ನೋಡಿದರು. ಹೆಗಲು ಹಿಡಿದಿಟ್ಟ ಹಾಗೆ ಕೂತಿತ್ತು. "ಏನ್ ಕೈರೀ ನಿಮ್ದು!" ಎಂದು ನನ್ನ ಬೆನ್ನು ತಟ್ಟಿದರು. ನಾನು ಬಗ್ಗಿ ಪ್ಯಾಂಟಿನ ಅಂಚು ಸರಿಮಾಡಿದೆ.

ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಮದ್ರಾಸಿಗೆ ರೈಲು. ಬುಟ್ಟಿ ಮಾವನ ತೊಡೆ ಬಿಟ್ಟು ಇಳಿಯಲಿಲ್ಲ. ಮದ್ರಾಸು ಬಂದರಿನಲ್ಲಿ ಸಾಮಾನು ನೋಡುವ ಅಧಿಕಾರಿ ನನ್ನ ಇದ್ದಿಲಿನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಏನೋ ತಮಿಳಿನಲ್ಲಿ ಹೇಳಿ, ಪಕ್ಕಕ್ಕೆ ಇಡಿಸಿದರು. ಹಡಗಿನೊಳಗೆ ಬೆಂಕಿ ಹಾಕುವುದಕ್ಕೆ ಹೊರಟವರು ನಾವೇ ಮೊದಲಿರಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಬಿಟ್ಟರು.

ಹಡಗು ಎಂದರೆ ನೀರಿನ ಮೇಲಿನ ಒಂದು ಊರು. ನಮಗೆ ಕೊಟ್ಟ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಗುಂಡನೆಯ ಕಿಟಕಿ, ಕಿಟಕಿಯ ತುಂಬ ಸಮುದ್ರ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾಂಬಾರು ಸಿಗುತ್ತಿತ್ತು. ಮಾವ ಅದಕ್ಕೂ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೇ ಉಣ್ಣುತ್ತಿದ್ದರು. ಮೊದಲ ಎರಡು ದಿನ ಇಬ್ಬರೂ ಡೆಕ್ಕಿನ ಮೇಲೆ ಕೂತು ನೀರು ನೋಡಿದ್ದೇ ನೋಡಿದ್ದು. "ಇಷ್ಟು ನೀರು ಐತೆ, ಜಗಳೂರಿಗೆ ಒಂದು ಕೊಡ ಇಲ್ಲ" ಎಂದರು ಮಾವ. ಮೂರನೇ ದಿನ ಗಾಳಿ ಎದ್ದಿತು. ಹಡಗು ತೊಟ್ಟಿಲಾಯಿತು. ಇಬ್ಬರೂ ನಿಂಬೆಹಣ್ಣಿನ ಉಪ್ಪಿನಕಾಯಿ ನೆಕ್ಕುತ್ತಾ ಮಲಗಿದೆವು.

ನಾಲ್ಕನೇ ದಿನ ಸಮುದ್ರ ಶಾಂತವಾಯಿತು. ಅವತ್ತೇ ಸಂಜೆ ಕ್ಯಾಪ್ಟನ್ನರ ಊಟ. ಮಧ್ಯಾಹ್ನ ಮಾವ ಮೇಲಿನ ಮಂಚದ ಮೂಲೆಯಲ್ಲಿಟ್ಟಿದ್ದ ಬುಟ್ಟಿಗೆ ಕೈ ಚಾಚಿದರು. ಬುಟ್ಟಿ ಚಪ್ಪಟೆಯಾಗಿತ್ತು. ಹಡಗು ಹೊಯ್ದಾಡುವಾಗ ಪಕ್ಕದ ಗೋಡೆಯ ಹಲಗೆಯ ಮೇಲಿಟ್ಟಿದ್ದ ನನ್ನ ಇಸ್ತ್ರಿ ಪೆಟ್ಟಿಗೆ ಉರುಳಿ ಅದರ ಮೇಲೆ ಕೂತಿತ್ತು. ಒಳಗೆ ರುಮಾಲು ಬಿಚ್ಚಿ, ಸುಕ್ಕುಗಟ್ಟಿ, ಒಂದು ಮುದ್ದೆ ಬಟ್ಟೆಯಾಗಿತ್ತು.

ಮಾವ ಮಂಚದ ಮೇಲೆ ಕೂತು ಆ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡರು.

"ನೀವು ಹೋಗಿ ಉಂಡು ಬರ್ರಿ ಅಳಿಯಂದ್ರೇ. ಬುತ್ತಿಯಾಗೆ ಇನ್ನೂ ಎರಡು ಒಣರೊಟ್ಟಿ ಅದಾವೆ, ನನಗೆ ಸಾಕು. ಬರೀ ತಲ್ಯಾಗೆ, ಪ್ಯಾಂಟು ಹಾಕ್ಕಂಡು, ಯಾರೋ ಆಗಿ ಹೋಗಿ ಕುಂದ್ರಾಕೆ ನನ್ನ ಕೈಲಾಗಲ್ಲ."

ಇನ್ನು ಮುಚ್ಚಿಡಲು ನನ್ನ ಕೈಲೂ ಆಗಲಿಲ್ಲ. ಟ್ರಂಕಿನ ತಳದಿಂದ ಕಾರ್ಡು ತೆಗೆದು ಅವರ ಕೈಗಿಟ್ಟೆ.

"ಮಾವಾರೇ, ಇದ್ರಾಗೆ ಇನ್ನೊಂದು ಸಾಲು ಐತೆ. ನಮ್ಮ ನಾಡಿನ ಉಡುಪು ಉಟ್ಕಂಡೂ ಹೋಗಬಹುದು ಅಂತ ಐತೆ. ಪಂಚೆ ಉಡಬಹುದಿತ್ತು. ನಾ ಬೇಕಂತ್ಲೇ ಹೇಳ್ಲಿಲ್ಲ. ಈ ಸೂಟು ಹೊಲೀಬೇಕು ಅನ್ನೋ ಆಸೀಗೆ ನಿಮಗೆ ಸುಳ್ಳು ಹೇಳ್ದೆ."

ಮಾವ ಓದಲು ಬಾರದ ಆ ಸಾಲಿನ ಮೇಲೆ ಬೆರಳಾಡಿಸಿದರು.

"ಹದಿನೈದು ದಿನ ಗೋಡೌನಿನಾಗೆ ಕದ ಹಾಕ್ಕಂಡು ಕುಣಿದೆನಲ್ರೀ" ಎಂದರು. "ನಿಮ್ಮತ್ತೆ ಹೇಳಿರ್ತಾಳೆ. ಆ ಬೆಂಗಳೂರಿನ ಬಾಗಿಲು ಕಾಯೋನು ನನಗೇನೂ ಆಗಬೇಕಿದ್ದಿಲ್ಲ. ನೀವು ಮನೆ ಮಗ."

ಎದ್ದು ಹೊರಗೆ ಹೋದರು. ಅವರು ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕೋಣೆಯಲ್ಲಿ ಒಬ್ಬನೇ ಕೂತು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು, ಇಸ್ತ್ರಿ ಪೆಟ್ಟಿಗೆ, ರುಮಾಲಿನ ಬಟ್ಟೆ ಹಿಡಿದುಕೊಂಡು ಬಟ್ಟೆ ಒಗೆಯುವವರ ಕೋಣೆ ಹುಡುಕಿಕೊಂಡು ಇಳಿದೆ. ಅಲ್ಲಿದ್ದ ಮಲಯಾಳಿ ನನ್ನ ಪೆಟ್ಟಿಗೆ ನೋಡಿ ಬಾಯಿ ತುಂಬ ನಕ್ಕು, ತನ್ನ ಕರೆಂಟಿನ ಇಸ್ತ್ರಿ ಕೊಟ್ಟ. ರುಮಾಲಿನ ಸುಕ್ಕು ತೆಗೆದುಕೊಂಡು ಬಂದು ಮೊಣಕಾಲಿಗೆ ಟವೆಲ್ ಸುತ್ತಿದೆ.

ಮೊದಲ ಸಲ ಕಟ್ಟಿದ್ದು ಉದುರಿತು. ಎರಡನೆಯದು ಗಡಿಗೆಯ ಸಿಂಬೆಯಂತಾಯಿತು. ಇಪ್ಪತ್ತು ವರ್ಷ ಬಟ್ಟೆಯ ಜೊತೆ ಬಾಳಿದವನಿಗೆ ಒಂದು ಬಟ್ಟೆ ಮಾತು ಕೇಳುತ್ತಿರಲಿಲ್ಲ. ಮೂರನೇ ಸಲಕ್ಕೆ ಕಣ್ಣು ಮುಚ್ಚಿದೆ. ನ್ಯಾಮತಿಯಲ್ಲಿ ನಾನು ಗೊಣಗುತ್ತಾ ಕೂತಿದ್ದಾಗ ಕಣ್ಣು ಬಸ್ಸಿನ ಕಡೆ ಇತ್ತು. ಕಾಲು ಮಾತ್ರ ಅಜ್ಜನ ಕೈಯಲ್ಲಿತ್ತು. ಎಲ್ಲಿ ಬಿಗಿದ, ಎಲ್ಲಿ ಸಡಿಲ ಬಿಟ್ಟ ಎಂಬುದು ಆ ಕಾಲಿಗೆ ಗೊತ್ತಿತ್ತು. ಸಡಿಲ, ಬಿಗಿ, ತಿರುವು. ಹೆಬ್ಬೆರಳು ಇಲ್ಲಿ. ಐದನೇ ಸಲಕ್ಕೆ ರುಮಾಲು ರುಮಾಲಿನಂತೆ ನಿಂತಿತು.

ತಲೆಯೆತ್ತಿದಾಗ ಮಾವ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಹೊನ್ನಾಳಿಯ ಪಂಚೆ ತೆಗೆದು ಕಚ್ಚೆ ಹಾಕಿ ಉಟ್ಟರು. ಬಿಳೀ ಅಂಗಿ ತೊಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಕೋಟು ಕೊಡ್ರಿ."

"ಬ್ಯಾಡ ಮಾವಾರೇ. ಅದನ್ನ ಬಿಡ್ರಿ."

"ಸಿಟ್ಟು ನಿಮ್ಮ ಮ್ಯಾಲೆ ಐತೆ, ಕೋಟಿನ ಮ್ಯಾಲಿಲ್ಲ. ನಮ್ಮಪ್ಪನೂ ಪಂಚೆ ಮ್ಯಾಲೆ ಕರೀ ಕೋಟೇ ಹಾಕ್ತಿದ್ದ. ತರ್ರಿ."

ನಾನು ನನ್ನ ಮದುವೆಯ ಬೂದು ಸೂಟು ಹಾಕಿಕೊಂಡು, ಮಾವನಿಗೆಂದು ಹೊಲಿದ ಬೋ ಕಟ್ಟಿಕೊಂಡೆ. ಊಟದ ಹಾಲಿನ ಬಾಗಿಲಲ್ಲಿ ಬಿಳೀ ಡ್ರೆಸ್ಸಿನವನೊಬ್ಬ ನಿಂತಿದ್ದ. ಅವನನ್ನು ಕಂಡದ್ದೇ ಮಾವ ಗಕ್ಕನೆ ನಿಂತರು. ಪಂಚೆಯ ಚುಂಗು ಹಿಡಿದ ಕೈ ಬಿಗಿಯಾಯಿತು. ಹತ್ತು ವರ್ಷದ ಹಿಂದಿನ ಆ ಬಾಗಿಲು ಅವರ ಕಣ್ಣ ಮುಂದೆ ಇತ್ತು ಎಂದು ನನಗೆ ಗೊತ್ತಾಯಿತು. ಆ ಮನುಷ್ಯ ರುಮಾಲಿನಿಂದ ಕಾಲಿನವರೆಗೆ ಒಮ್ಮೆ ನೋಡಿ, ನಡು ಬಗ್ಗಿಸಿ, ಬಾಗಿಲಿನ ಎರಡೂ ಕದ ತೆರೆದ. ನಮ್ಮ ಮುಂದಿನವರಿಗೆ ಒಂದೇ ಕದ ತೆರೆದಿದ್ದ.

ಒಳಗೆ ಹತ್ತಾರು ಜನ ಕರೀ ಸೂಟಿನವರು. ನಾನು ಟೈಲರನ ಕಣ್ಣಿನಲ್ಲಿ ಒಂದೊಂದು ಹೆಗಲನ್ನೂ ನೋಡಿದೆ. ನನ್ನ ಹೊಲಿಗೆಗೆ ಸಮನಾದದ್ದು ಎರಡಿದ್ದವು, ಅಷ್ಟೇ. ರೇಷ್ಮೆ ಪಂಚೆಯ ತಮಿಳರೊಬ್ಬರು, ಜರಿ ಲುಂಗಿಯುಟ್ಟು ಕರೀ ಟೋಪಿಯಿಟ್ಟ ಮಲಯಾದವರೊಬ್ಬರು ಮಾವನಿಗೆ ದೂರದಿಂದಲೇ ಕೈ ಮುಗಿದರು. ಕ್ಯಾಪ್ಟನ್ನರು ಎದ್ದು ಬಂದು ಕೈ ಕುಲುಕಿ, ಈ ರುಮಾಲು, ಈ ಕೋಟು ಎಲ್ಲಿಯವು ಎಂದು ಕೇಳಿದರು. ಅದನ್ನು ಮಾವನಿಗೆ ಕನ್ನಡದಲ್ಲಿ ತಿಳಿಸಿದೆ. ಈ ಸಲ ಒಂದು ಮಾತೂ ನುಂಗಲಿಲ್ಲ.

"ಕೋಟು ಚನ್ನಗಿರೀದು, ಪಂಚೆ ಹೊನ್ನಾಳೀದು, ರುಮಾಲಿನ ಕಟ್ಟು ನ್ಯಾಮತೀದು, ಒಳಗಿರೋ ತಲೆ ಜಗಳೂರಿಂದು ಅನ್ರಿ" ಎಂದರು ಮಾವ. ರುಮಾಲು ಮುಟ್ಟಿ ತೋರಿಸಿ, "ಹೊಲ್ದಿದ್ದೂ ಕಟ್ಟಿದ್ದೂ ನನ್ನ ಅಳಿಯ ಅಂತ ಹೇಳ್ರಿ" ಎಂದರು.

ಅದನ್ನು ನಾನೇ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅಳಿಯ ಎಂಬಲ್ಲಿಗೆ ಬಂದಾಗ ಬೆರಳನ್ನು ನನ್ನ ಎದೆಗೇ ಇಟ್ಟು ತೋರಿಸಿದೆ. ಊಟಕ್ಕೆ ಬೇಯಿಸಿದ ತರಕಾರಿ, ಬ್ರೆಡ್ಡು, ಕೊನೆಗೆ ಬಣ್ಣ ಬಣ್ಣದ ಐಸ್‌ಕ್ರೀಮು. ಮಾವ ಕೋಟಿನ ಜೇಬಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದರು. ನನ್ನ ರೇಷ್ಮೆಯ ಕಾಲರಿನ ಮೇಲೆ ಸ್ವಲ್ಪ ಉದುರಿತು. ಸುಮ್ಮನಿದ್ದೆ.

ಸಿಂಗಪುರ ನೋಡಿದ್ದನ್ನು ಬಂದವರಿಗೆಲ್ಲ ಮಾವ ಹೇಳಿಯಾಗಿದೆ. ನಾನು ಬೇರೆ ಬರೆಯುವುದಿಲ್ಲ. ಮೂರು ವಾರದ ಮೇಲೆ ಊರಿಗೆ ಮರಳಿದಾಗ ಮಾವ ನೇರವಾಗಿ ಜಗಳೂರಿಗೆ ಹೋಗಲಿಲ್ಲ. "ಅಜ್ಜನಿಗೆ ತೋರಿಸಿ ಹೋಗಾನ" ಎಂದು ನನ್ನ ಜೊತೆ ನ್ಯಾಮತಿಗೆ ಬಂದರು. ಕ್ಯಾಪ್ಟನ್ನರ ಪಕ್ಕ ಕೂತು ತೆಗೆಸಿಕೊಂಡ ಫೋಟೋವನ್ನು ಹಾಲಪ್ಪಜ್ಜನ ಕೈಗೆ ಕೊಟ್ಟೆವು. ಅಜ್ಜ ಕನ್ನಡಕ ಏರಿಸಿದ. ಕ್ಯಾಪ್ಟನ್ನರನ್ನು ನೋಡಲಿಲ್ಲ, ಕೋಟನ್ನೂ ನೋಡಲಿಲ್ಲ.

"ಇದು ನನ್ನ ಕಟ್ಟಲ್ಲ" ಎಂದ. "ಮೂರನೇ ಸುತ್ತು ಸಡ್ಲ ಆಗೈತೆ. ಯಾರು ಕಟ್ಟಿದ್ದು?"

ಮಾವ ಗದ್ದದಿಂದಲೇ ನನ್ನನ್ನು ತೋರಿಸಿದರು. ಇಸ್ತ್ರಿ ಪೆಟ್ಟಿಗೆಯ ಕಥೆಯನ್ನೂ, ಕಾರ್ಡಿನ ಕಥೆಯನ್ನೂ ನಾನೇ ಹೇಳಿದೆ. ಬೈಗುಳಕ್ಕೆ ಕಾದು ನಿಂತೆ. ಅಜ್ಜ ಫೋಟೋವನ್ನು ಜಗಲಿಯ ಮೇಲಿಟ್ಟ. ಗೋಡೆ ಹಿಡಿದುಕೊಂಡು, ನರಳುತ್ತಾ, ಮಡಚಿದರೆ ಬಿಚ್ಚದ ಆ ಕಾಲನ್ನು ಎರಡೂ ಕೈಯಿಂದ ಎಳೆದು ಮಡಚಿದ. ಹೆಗಲ ಮೇಲಿನ ಟವೆಲ್ ತೆಗೆದು ಮೊಣಕಾಲಿಗೆ ಎರಡು ಸುತ್ತು ಸುತ್ತಿದ.

"ರುಮಾಲು ತಗೀರಿ. ಈ ಸಲ ನನ್ನ ಮೊಣಕಾಲು" ಎಂದ. "ಕಟ್ರಿ, ನೋಡ್ತೀನಿ."